ರೇಡಿಯೇಟರಿಗೆ ಹೊಯ್ದ ಗಂಜಿ

ಮುಚ್ಚಳ ತೆಗೆದಾಗ ಏನೂ ಆಗಲಿಲ್ಲ. ಆ ದಿನದ ಸಂಗತಿ ಕೇಳಿದವರೆಲ್ಲ, ಬಿಸಿ ಇಂಜಿನ್ನಿನ ಮುಚ್ಚಳ ತೆಗೆದರೆ ಹಾಗೇ ಆಗುವುದು, ಇಷ್ಟು ಓದಿದವಳು ಪಕ್ಕದಲ್ಲೇ ಇದ್ದೂ ತಿಳಿಯಲಿಲ್ಲವೇ ಎನ್ನುತ್ತಾರೆ. ಪ್ರತಿ ಸಲವೂ ನಾನು ಅವರಿಗೆ ಅದೇ ಉತ್ತರ ಕೊಡುತ್ತೇನೆ. ಅಣ್ಣ ಇಪ್ಪತ್ತು ನಿಮಿಷ ಕಾದಿದ್ದ. ಹಳೇ ಚಾದರವನ್ನು ನಾಲ್ಕು ಮಡಿಕೆ ಮಾಡಿ ಮುಚ್ಚಳದ ಮೇಲೆ ಹಾಕಿದ್ದ. ಕಾಲು ಸುತ್ತು ತಿರುಗಿಸಿ, ನಿಂತು, ಕಿವಿಗೊಟ್ಟಿದ್ದ. ಬುಸ್ ಎನ್ನಲಿಲ್ಲ. ಪೂರ್ತಿ ತೆಗೆದ. ಆಗಲೂ ಏನೂ ಇಲ್ಲ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕೆವು ಕೂಡ. ಅದು ಆದದ್ದು ಆಮೇಲೆ. ಮಧ್ಯೆ ಎರಡು ನಿಮಿಷ ಹೋಗಿದ್ದರೆ ಹೆಚ್ಚು. ಆ ಎರಡು ನಿಮಿಷ ನನ್ನ ತಲೆಯಲ್ಲಿ ಈಗಲೂ ದಿನಕ್ಕೊಮ್ಮೆಯಾದರೂ ನಡೆದುಹೋಗುತ್ತದೆ. ಕರಿಹಲಗೆಯ ಮುಂದೆ ನಿಂತಾಗ, ಕುಕ್ಕರ್ ಇಳಿಸುವಾಗ, ಬಸ್ಸಿನ ಕಿಟಕಿಗೆ ತಲೆ ಆನಿಸಿದಾಗ.

ನಮ್ಮದು ಇಳಕಲ್ಲಿನ ನೇಕಾರರ ಮನೆ. ಓಣಿಯ ಅರ್ಧ ಮನೆಗಳಲ್ಲಿ ಈಗ ಪವರ್‌ಲೂಮು ಬಡಿಯುತ್ತದೆ. ಅಣ್ಣ ಮಾತ್ರ ಅಪ್ಪ ಬಿಟ್ಟುಹೋದ ಕುಣಿಮಗ್ಗದಲ್ಲೇ ಕಾಲು ಇಳಿಬಿಟ್ಟು ಕೂತು ನೇಯುತ್ತಾನೆ. ಅವನ ಹೆಸರು ಇರುವುದು ನೇಯ್ಗೆಗಿಂತ ಕೊಂಡಿಗೆ. ನಮ್ಮ ಸೀರೆಯ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಒಂದಕ್ಕೊಂದು ಕುಣಿಕೆ ಹಾಕಿ ಜೋಡಿಸಬೇಕು, ಒಂದು ಸೆರಗಿಗೆ ಸಾವಿರಗಟ್ಟಲೆ. ಆ ಕುಣಿಕೆಯೇ ಕೊಂಡಿ. ಅದು ಹೆಬ್ಬೆರಳು ಮತ್ತು ತೋರುಬೆರಳ ತುದಿಯ ಕೆಲಸ, ಅದರಲ್ಲಿ ಕಣ್ಣಿಗೆ ಹೆಚ್ಚು ಪಾಲಿಲ್ಲ. ಅಣ್ಣ ಮಾತಾಡುತ್ತ, ಮಂದಿಯನ್ನು ಕಾಡಿಸುತ್ತ, ಹೊರಗೆ ಯಾರು ಹೋದರು ಎಂದು ನೋಡುತ್ತಲೇ ಕೊಂಡಿ ಹಾಕುತ್ತಿದ್ದ. ನಾನು ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲನೆಯವಳು. ಬಾಗಲಕೋಟೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಸಾಲಿಯಲ್ಲಿ ಕಲಿಸುವ ಹೆಂಗಸರನ್ನು ನಮ್ಮ ಕಡೆ ಅಕ್ಕೋರು ಎನ್ನುತ್ತಾರೆ. ಏಳನೇ ಇಯತ್ತೆಗೆ ಸಾಲಿ ಬಿಟ್ಟ ಅಣ್ಣ ತನಗಿಂತ ಎಂಟು ವರ್ಷ ಸಣ್ಣವಳಾದ ನನ್ನನ್ನು ಹಾಗೆಯೇ ಕರೆಯುತ್ತಾನೆ. ಅವನ ಬಾಯಲ್ಲಿ ಅದು ಅರ್ಧ ಹೆಮ್ಮೆ, ಅರ್ಧ ಚೇಷ್ಟೆ.

ಕಾರು ಬಾದಾಮಿಯ ಒಬ್ಬ ನಿವೃತ್ತ ಅಧಿಕಾರಿಯದು. ಇಪ್ಪತ್ತು ವರ್ಷದ ಹಳೇ ಡೀಸೆಲ್ ಗಾಡಿ. ಅವ್ವನ ಕಣ್ಣಿನ ದವಾಖಾನಿ ಓಡಾಟ ಶುರುವಾದಾಗ ಅಣ್ಣ ಅದನ್ನು ಅವರಿಂದ ಕೊಂಡು ತಂದ. ತಂದ ಮೂರು ತಿಂಗಳಿಗೆ ಅದು ನೀರು ಕಳೆದುಕೊಳ್ಳತೊಡಗಿತು. ದಿನಾ ಬೆಳಿಗ್ಗೆ ಒಂದು ತಂಬಿಗೆ ಬೋರಿನ ನೀರು ಹಾಕಬೇಕು, ಮರುದಿನ ಅಷ್ಟೇ ಕಡಿಮೆ.

ರಜೆಗೆ ಊರಿಗೆ ಹೋದಾಗ ಅಣ್ಣ ನನ್ನನ್ನು ಕೂರಿಸಿಕೊಂಡು ಇದರ ಮೂಲ ಹುಡುಕಲು ಕುಳಿತ. ನಿಜ ಹೇಳಬೇಕೆಂದರೆ ನನಗೆ ಅದು ಖುಷಿಯ ಆಟವಾಗಿತ್ತು. ಗಾಡಿಯ ಕೆಳಗೆ ಹಳೇ ಪೇಪರು ಹಾಸಿದೆವು. ಬೆಳಿಗ್ಗೆ ನೋಡಿದರೆ ಒಂದು ಹನಿಯ ಕಲೆಯೂ ಇಲ್ಲ. ಕೆರೂರಿನ ಒಂದು ಗ್ಯಾರೇಜಿನವನು ಬಾನೆಟ್ ಕೂಡ ಎತ್ತದೆ, ಹೆಡ್ ಗ್ಯಾಸ್ಕೆಟ್ ಹೋಗಿದೆ, ಇಂಜಿನ್ ಬಿಚ್ಚಬೇಕು ಎಂದುಬಿಟ್ಟಿದ್ದ. ಹಾಗಿದ್ದರೆ ನೀರು ಆಯಿಲಿಗೆ ಇಳಿದು ಆಯಿಲು ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಬೇಕು. ಆಯಿಲು ಅಳೆಯುವ ಕಡ್ಡಿ ಎಳೆದು ಒರೆಸಿ ನೋಡಿದೆವು, ಕಪ್ಪಗೆ ಸ್ವಚ್ಛವಿತ್ತು. ಸೈಲೆನ್ಸರಿನಲ್ಲಿ ಬಿಳಿ ಹೊಗೆ ಬರಬೇಕು, ಬರುತ್ತಿರಲಿಲ್ಲ. ಮುಚ್ಚಳ ತೆಗೆದು ಇಂಜಿನ್ ಚಾಲೂ ಮಾಡಿದರೆ ನೀರಲ್ಲಿ ಗುಳ್ಳೆ ಏಳಬೇಕು, ಏಳಲಿಲ್ಲ. ಒಳಗೆ ಕಾಲಿಡುವ ಜಾಗದ ಮ್ಯಾಟು ಮುಟ್ಟಿದರೆ ಒಣಗಿಯೇ ಇತ್ತು. ಒಂದೊಂದಾಗಿ ಎಲ್ಲ ಬಾಗಿಲೂ ಮುಚ್ಚಿದವು. ಕೊನೆಗೆ ಅಣ್ಣ, ಬ್ಯಾಸಿಗಿ ಐತಿ, ಅದಕ್ಕೂ ನೀರಡಿಕಿ ಆಗತೈತಿ, ಕುಡೀವಲ್ದ್ಯಾಕ ಎಂದು ಎದ್ದುಹೋದ.

ಹುನಗುಂದದಲ್ಲಿ ಒಬ್ಬ ಮಿಸ್ತ್ರಿ ಇದ್ದಾರೆ. ಅವರ ಅಪ್ಪ ನಮ್ಮ ಅಪ್ಪನ ಲೂನಾ ರಿಪೇರಿ ಮಾಡಿದವರು. ಹಳೇ ಮುಸಲ್ಮಾನರ ಮನೆತನ. ಮಾತು ಕಡಿಮೆ, ಕೈ ಸಾವಕಾಶ. ಅಣ್ಣ ಅವರನ್ನೂ ಕೇಳಿದ್ದ. ಗಾಡಿ ಒಂದು ಪೂರ್ತಿ ದಿನ ನನ್ನ ಹತ್ತಿರ ಬಿಡಬೇಕು, ತಂಪಿದ್ದಾಗ ನೋಡಬೇಕು, ಬಿಸಿಯಾದಾಗ ನೋಡಬೇಕು, ಮತ್ತೆ ತಂಪಾದಾಗ ನೋಡಬೇಕು ಎಂದಿದ್ದರು. ಅಣ್ಣನಿಗೆ ಆ ಒಂದು ದಿನ ಸಿಗಲಿಲ್ಲ.

ಅವ್ವನನ್ನು ಬಾಗಲಕೋಟೆಯ ಕಣ್ಣಿನ ಡಾಕ್ಟರಿಗೆ ತೋರಿಸಬೇಕಾಗಿದ್ದ ಬೆಳಿಗ್ಗೆ ಅಣ್ಣ ಚಹಾ ಕುಡಿಯುತ್ತ, ಗಾಡಿಯ ಕಾಯಿಲೆ ವಾಸಿ ಮಾಡಿದ್ದೇನೆ ಎಂದು ಹೇಳಿದ. ಹಿಂದಿನ ದಿನ ಸಂಜೆ ಹಾಸಿನ ನೂಲಿಗೆ ಹಚ್ಚಲು ಕಾಸಿದ್ದ ಗಂಜಿಯಲ್ಲಿ ಎರಡು ತಂಬಿಗೆ ತೆಗೆದು, ತೆಳ್ಳಗೆ ಮಾಡಿ, ಬಟ್ಟೆಯಲ್ಲಿ ಸೋಸಿ, ರೇಡಿಯೇಟರಿಗೆ ಹೊಯ್ದಿದ್ದ. ಐದು ನಿಮಿಷ ಇಂಜಿನ್ ಓಡಿಸಿದ್ದ. ಬೆಳಿಗ್ಗೆ ನೋಡಿದರೆ ನೀರು ಒಂದು ಬೆರಳೂ ಇಳಿದಿರಲಿಲ್ಲ.

"ನೂಲಿನ್ಯಾಗ ಕಣ್ಣಿಗೆ ಕಾಣದ ಸಂದು ಇರ್ತಾವಲ್ಲ, ಗಂಜಿ ಹೊಕ್ಕು ತುಂಬತೈತಿ. ಇದಕ್ಕೂ ಅದ ಲೆಕ್ಕ," ಎಂದ. "ಅಕ್ಕೋರ ಪುಸ್ತಕದಾಗ ಇದು ಬರದಿಲ್ಲ ಬಿಡ್ರಿ."

ಪುಸ್ತಕದಲ್ಲಿ ಬರೆದಿತ್ತು. ಪಿಷ್ಟ ನೀರಲ್ಲಿ ಕಾದಷ್ಟೂ ಉಬ್ಬಿ ಗಟ್ಟಿಯಾಗುತ್ತದೆ. ಮಕ್ಕಳಿಗೆ ಬೀಕರಿನಲ್ಲಿ ಮಾಡಿ ತೋರಿಸುತ್ತೇನೆ. ಐದು ನಿಮಿಷ ಓಡಿಸುವುದು ಬೇರೆ, ಇಳಕಲ್ಲಿನಿಂದ ಬಾಗಲಕೋಟೆಗೆ ಬಿಸಿಲಲ್ಲಿ ಹೋಗುವುದು ಬೇರೆ. ಇದು ಬಾಯಿಗೆ ಬಂತು. ನಾನು ಹೇಳಲಿಲ್ಲ. ಹನ್ನೊಂದಕ್ಕೆ ಡಾಕ್ಟರು ಕರೆದಿದ್ದರು, ತಡವಾಗುತ್ತದೆ ಎಂಬುದೊಂದು ಕಾರಣ. ಹೇಳಿದರೆ ನಗುತ್ತಾನೆ ಎಂಬುದೊಂದು. ಇನ್ನೊಂದನ್ನು ಬರೆಯಲು ಈಗಲೂ ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ. ಒಂದು ಸಲವಾದರೂ ಅವನ ಉಪಾಯ ಕೆಡಲಿ, ಗಾಡಿ ದಾರಿಯಲ್ಲಿ ನಿಲ್ಲಲಿ, ಆಗ ಹೇಳುತ್ತೇನೆ ಎಂದು ನನ್ನೊಳಗೆ ಒಂದು ಸಣ್ಣ ಆಸೆ ಇತ್ತು. ನಿಲ್ಲುವುದು ಎಂದರೆ ನಿಲ್ಲುವುದು ಅಷ್ಟೇ ಎಂದುಕೊಂಡಿದ್ದೆ.

ಹುನಗುಂದ ದಾಟುವಾಗ ಮಿಸ್ತ್ರಿಯ ಶೆಡ್ಡಿನ ಬಾಗಿಲು ತೆರೆದೇ ಇತ್ತು. ಅಣ್ಣ ಆ ಕಡೆ ನೋಡಲಿಲ್ಲ. ಅಮೀನಗಡ ಬಿಟ್ಟ ಮೇಲೆ ಉಷ್ಣತೆ ತೋರಿಸುವ ಮುಳ್ಳು ಅರ್ಧಕ್ಕಿಂತ ತುಸು ಮೇಲೆ ಹೋಗಿ ನಿಂತಿತು. ಕಮತಗಿ ದಾಟಿದ ಮೇಲೆ ನಿಧಾನವಾಗಿ ಕೆಳಗಿಳಿಯತೊಡಗಿತು. ನಾವಿಬ್ಬರೂ ಅದನ್ನು ನೋಡಿದೆವು. ಇಳಿಯುತ್ತಿದೆ, ಅಂದರೆ ತಂಪಾಗುತ್ತಿದೆ. ಅಣ್ಣ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದ.

ಶಿರೂರು ಇನ್ನೇನು ಬಂತು ಎನ್ನುವಾಗ ಅನ್ನ ಸೀದ ವಾಸನೆ ಬಂತು. ಯಾರದೋ ಹೊಲದ ಮನೆಯಲ್ಲಿ ಒಲೆಯ ಮೇಲೆ ಮರೆತಿದ್ದಾರೆ ಎಂದಳು ಅವ್ವ, ಹಿಂದಿನ ಸೀಟಿನಿಂದ. ವಾಸನೆ ನಮ್ಮ ಜೊತೆಗೇ ಬರುತ್ತಿತ್ತು. ಇಂಜಿನ್ನು ಎಳೆಯಲು ಒಲ್ಲೆನೆಂದು ಕಟಕಟ ಎನ್ನತೊಡಗಿತು. ಅಣ್ಣ ರಸ್ತೆ ಪಕ್ಕದ ಬೇವಿನ ನೆರಳಿಗೆ ಇಳಿಸಿ ಬಂದ್ ಮಾಡಿದ. ಬಾನೆಟ್ ಎತ್ತಿದಾಗ ಬಂದ ಝಳಕ್ಕೆ ಇಬ್ಬರೂ ಹಿಂದೆ ಸರಿದೆವು.

ಆಮೇಲೆ ಇಪ್ಪತ್ತು ನಿಮಿಷ ಕಾದೆವು. ಅವ್ವ ಬಾಗಿಲು ತೆರೆದು ಕಾಲು ಹೊರಗಿಟ್ಟು ಕೂತಳು. ಅಣ್ಣ ರೇಡಿಯೇಟರಿಗೆ ಹೋಗುವ ಮೇಲಿನ ರಬ್ಬರ್ ಪೈಪು ಮುಟ್ಟಿ ನೋಡಿ, ನೀನೂ ಮುಟ್ಟಿ ನೋಡು ಎಂದ. ಮುಟ್ಟಿದೆ. ಅದು ಉಗುರು ಬೆಚ್ಚಗಿತ್ತು ಅಷ್ಟೇ, ಒತ್ತಿದರೆ ಮೆತ್ತಗಿತ್ತು. ಒಳಗೆ ಒತ್ತಡ ಇದ್ದರೆ ಪೈಪು ಕಲ್ಲಿನಂತಿರುತ್ತದೆ ಎಂದು ಅವನಿಗೆ ಗೊತ್ತು, ನನಗೂ ಗೊತ್ತು. ಮುಳ್ಳು ತಳದಲ್ಲಿತ್ತು, ಪೈಪು ತಂಪಿತ್ತು. ಅವನು ಚಾದರ ಮಡಿಚಿ ಹಾಕಿ ಮುಚ್ಚಳ ತೆಗೆದ. ಏನೂ ಆಗಲಿಲ್ಲ.

ಬಗ್ಗಿ ನೋಡಿದ. ಮುಖವನ್ನು ಆ ಬಾಯಿಯ ಮೇಲೇ ಇಟ್ಟು ನೋಡಿದ. ಒಳಗೆ ನೀರು ಕಾಣಲಿಲ್ಲ, ಬಿಳೀ ಕೆನೆಯಂಥದ್ದು ಅಂಟಿಕೊಂಡಿತ್ತು. ಕ್ಯಾನಿನಿಂದ ನೀರು ಹೊಯ್ದ. ಒಂದು ತಂಬಿಗೆಯಷ್ಟು ಹೋಗಿ ಕಂಠದಲ್ಲಿ ನಿಂತುಬಿಟ್ಟಿತು. ಗಾಳಿ ಹಿಡಕೊಂಡೈತಿ ಎಂದ. ಅಂಥ ಹೊತ್ತಿನಲ್ಲಿ ಮೇಲಿನ ಪೈಪನ್ನು ಹಿಂಡಿ ಗಾಳಿ ಹೊರಡಿಸುತ್ತಾರೆ, ಹುನಗುಂದದಲ್ಲಿ ನೋಡಿದ್ದ. ಎಡಗೈಯಲ್ಲಿ ಕ್ಯಾನು, ಬಲಗೈಯನ್ನು ಮುಚ್ಚಳದ ಬಾಯಿಯ ಪಕ್ಕದಿಂದ ಇಳಿಸಿ ಪೈಪು ಹಿಡಿದ. ಒಂದು ಸಲ ಹಿಂಡಿದ. ಅವ್ವ ಹಿಂದಿನಿಂದ ನೀರು ಕೇಳಿದಳು. ಎರಡನೇ ಸಲ ಹಿಂಡಿದ.

"ಅಣ್ಣಾ, ಅವ್ವಗ ಒಂದ ಗುಟುಕ ಉಳಸು," ಎಂದೆ.

ಅವನು ಉತ್ತರ ಕೊಡಲು ನನ್ನ ಕಡೆ ಮುಖ ತಿರುಗಿಸಿದ. ಬಾಯಿ ತೆರೆದಿದ್ದ. ಏನು ಹೇಳುವವನಿದ್ದ ಎಂದು ಅವನಿಗೂ ಈಗ ನೆನಪಿಲ್ಲ.

ಸದ್ದು ದೊಡ್ಡದಿರಲಿಲ್ಲ. ಕಫ ಕಟ್ಟಿದ ಗಂಟಲು ಸರಿಮಾಡಿಕೊಂಡಂತೆ ಒಂದು ಸದ್ದು, ಆಮೇಲೆ ಬಿಳಿ. ಬಿಳಿಯದು ಎದ್ದು ಬಾನೆಟ್ಟಿಗೆ ಬಡಿದು ಮಳೆಯಂತೆ ಇಳಿಯಿತು. ಅಣ್ಣನ ಬಲಗೈ ಮೊಣಕೈವರೆಗೆ ಅದರೊಳಗಿತ್ತು. ಹಿಂದೆ ಬಿದ್ದ. ಅವನು ಕೂಗಲಿಲ್ಲ. ತಗಿ, ತಗಿ ಎಂದ ಅಷ್ಟೇ, ಮೆಲ್ಲಗೆ, ಬೆನ್ನಿಗೆ ಇರುವೆ ಹತ್ತಿದವರು ಹೇಳುವ ಹಾಗೆ. ನೀರಾಗಿದ್ದರೆ ಜಾರಿ ಹೋಗುತ್ತಿತ್ತು. ಇದು ಗಂಜಿ. ಕೈಗೆ ಬಳಿದುಕೊಂಡು ಕೂತು ಆವಿ ಬಿಡುತ್ತಿತ್ತು. ನಾನು ಸೆರಗಿನಿಂದ ಒರೆಸಿದೆ. ಸೆರಗಿನ ಜೊತೆ ಗಂಜಿ ಬಂತು, ಗಂಜಿಯ ಜೊತೆ ಇನ್ನೊಂದು ಬಂತು. ಅದು ಏನೆಂದು ತಿಳಿಯಲು ನನಗೆ ಒಂದು ಕ್ಷಣ ಬೇಕಾಯಿತು. ಅವನ ಚರ್ಮ. ಸೆರಗನ್ನು ಕೈಬಿಟ್ಟೆ. ನನ್ನ ಕಿವಿ ಮುಚ್ಚಿಹೋದವು. ಅವ್ವ ಏನೋ ಕೇಳುತ್ತಿದ್ದಳು, ಬಾಯಿ ಅಲ್ಲಾಡುವುದಷ್ಟೇ ಕಾಣುತ್ತಿತ್ತು.

ಕ್ಯಾನಿನಲ್ಲಿ ಉಳಿದ ನೀರೆಲ್ಲ ಕೈಮೇಲೆ ಹೊಯ್ದೆ. ಸಾಲದಾಯಿತು. ಒಂದು ಲಾರಿ ನಿಂತು, ಡ್ರೈವರ್ ತನ್ನ ಡಬ್ಬಿಯ ನೀರು ಪೂರ್ತಿ ಹೊಯ್ದ. ಹೊಲದ ಮನೆಯಿಂದ ಒಬ್ಬ ಹೆಣ್ಣುಮಗಳು ಓಡುತ್ತ ಟೂತ್‌ಪೇಸ್ಟ್ ತಂದಳು, ಹಚ್ಚಲು ಬಗ್ಗಿದಳು. ಬೇಡ ಎಂದು ನಾನು ಅಂದ ದನಿಗೆ ಆಕೆ ಹೆದರಿ ಹಿಂದೆ ಸರಿದಳು. ಆ ದಿನ ನಾನು ಸರಿಯಾಗಿ ಮಾಡಿದ ಕೆಲಸ ಅದೊಂದೇ. ಶಿರೂರಿನ ಒಂದು ಟಂಟಂ ರಿಕ್ಷಾ ನಮ್ಮನ್ನು ಬಾಗಲಕೋಟೆಗೆ ಒಯ್ದಿತು. ಅವ್ವನ ಕಣ್ಣಿಗೆ ದೂರದ್ದೂ ಹತ್ತಿರದ್ದೂ ಮಂಜು. ದಾರಿಯುದ್ದಕ್ಕೂ ಅಣ್ಣನ ಎಡಗೈ ಹಿಡಿದುಕೊಂಡು ನನ್ನನ್ನು ಒಂದೇ ಪ್ರಶ್ನೆ ಕೇಳಿದಳು. "ಮಾರಿಗೆ ಏನೂ ಆಗಿಲ್ಲಲ್ಲವಾ? ಕಣ್ಣಿಗೆ?" ಇಲ್ಲ ಎಂದೆ. ಅದು ನಿಜವಾಗಿತ್ತು. ಕುತ್ತಿಗೆಗೆ, ಕಿವಿಯ ಹಿಂದೆ ನಾಲ್ಕಾರು ಕಲೆ ಬಿಟ್ಟರೆ ಮುಖಕ್ಕೆ ಏನೂ ಆಗಿರಲಿಲ್ಲ. ಅವ್ವನಿಗೆ ನೀರಡಿಕೆ ಆಗದೇ ಇದ್ದಿದ್ದರೆ? ನಾನು ಬಾಟಲಿ ತಂದಿದ್ದರೆ, ಕೇಳುವುದೇ ಬೇಕಾಗದಿದ್ದರೆ?

ದವಾಖಾನಿಯಲ್ಲಿ ಡಾಕ್ಟರು ಚಿಮಟಿಗೆಯಿಂದ ಗಂಜಿಯನ್ನು ಚೂರು ಚೂರಾಗಿ ಬಿಡಿಸಿದರು. ಇದು ಏನು ಎಂದು ನನ್ನನ್ನು ಎರಡು ಸಲ ಕೇಳಿದರು. ಎರಡು ಸಲವೂ ಗಂಜಿ ಎಂದೆ, ಎರಡು ಸಲವೂ ಅವರು ನಂಬಲಿಲ್ಲ. ಅಂಟಿಕೊಂಡು ಶಾಖ ಹಿಡಿದಿಟ್ಟದ್ದರಿಂದ ಮುಂಗೈ ಮೇಲೆ, ಹೆಬ್ಬೆರಳು ತೋರುಬೆರಳ ನಡುವೆ ಸುಟ್ಟದ್ದು ಆಳಕ್ಕೆ ಹೋಗಿದೆ, ತೊಡೆಯ ಚರ್ಮ ತೆಗೆದು ಕೂರಿಸಬೇಕಾಗಬಹುದು ಎಂದರು. ಅಣ್ಣ ಮಂಚದ ಮೇಲಿಂದ, ಬೆರಳು ಮಣೀತಾವೇನ್ರಿ ಎಂದು ಕೇಳಿದ. ಮೂರು ತಿಂಗಳ ನಂತರ ಹೇಳುತ್ತೇನೆ ಎಂದರು. ಅವನು ಗೋಡೆಯ ಕಡೆ ಹೊರಳಿದ. ಮನೆಯಲ್ಲಿ ಮಗ್ಗದ ಮೇಲೆ ಒಂದು ಸೀರೆ ಸೆರಗಿನವರೆಗೆ ಬಂದು ನಿಂತಿತ್ತು.

ಕಾರನ್ನು ಹುನಗುಂದದ ಮಿಸ್ತ್ರಿ ತಾವೇ ಹೋಗಿ ಹಗ್ಗ ಕಟ್ಟಿ ಎಳೆದುಕೊಂಡು ಬಂದಿದ್ದರು. ಎರಡು ವಾರದ ಮೇಲೆ ನಾನು ಅವರ ಶೆಡ್ಡಿಗೆ ಹೋದೆ. ಯಾಕೆ ಹೀಗಾಯಿತು ಎಂದು ತಿಳಿಯದೆ ನನಗೆ ಊಟ ಸೇರುತ್ತಿರಲಿಲ್ಲ. ಅವರು ಕೈ ಒರೆಸಿಕೊಂಡು, ಸ್ಟೂಲು ಕೊಟ್ಟು, ಬಿಚ್ಚಿಟ್ಟ ಸಾಮಾನುಗಳನ್ನು ಒಂದೊಂದಾಗಿ ತೋರಿಸಿದರು.

ಮೊದಲು ಗಂಜಿಯನ್ನೆಲ್ಲ ಬಿಸಿನೀರಿನಿಂದ ತೊಳೆದು, ಆಮೇಲೆ ರೇಡಿಯೇಟರಿನ ಬಾಯಿಗೆ ಕೈಪಂಪು ಕಟ್ಟಿ ತಂಪು ಇಂಜಿನ್ನಿಗೆ ಒತ್ತಡ ಕೊಟ್ಟಿದ್ದರು. ಒತ್ತಡದ ಮುಳ್ಳು ಸಾವಕಾಶ ಇಳಿಯಿತು, ಅಂದರೆ ಎಲ್ಲೋ ಸೋರುತ್ತಿದೆ. ಸಣ್ಣ ಕನ್ನಡಿಯನ್ನು ಕಡ್ಡಿಗೆ ಕಟ್ಟಿ, ಬ್ಯಾಟರಿಯ ಬೆಳಕು ಬಿಟ್ಟು, ಇಂಜಿನ್ನಿನ ಬೆನ್ನ ಹಿಂದೆ ನೋಡಿದ್ದರು. ಅಲ್ಲಿ ನೀರು ಹೋಗುವ ಒಂದು ಕಬ್ಬಿಣದ ಕೊಳವೆ, ಮೇಲಿನಿಂದ ನೋಡಿದರೆ ಕಾಣುವುದೇ ಇಲ್ಲ. ನಮ್ಮ ಬೋರಿನ ಉಪ್ಪು ನೀರಿಗೆ ಒಳಗಿನಿಂದ ತುಕ್ಕು ತಿಂದು ಸೂಜಿಮೊನೆಯಷ್ಟು ತೂತು. ಸುತ್ತ ಸುಣ್ಣ ಬಳಿದಂತೆ ಬಿಳಿ ಗೆರೆ.

"ತಂಪಿದ್ದಾಗ ಒಳಗ ಒತ್ತಡ ಇರಂಗಿಲ್ಲ, ಸೋರಂಗಿಲ್ಲ ಅಕ್ಕೋರ. ಬಿಸಿಯಾದ್ರ ಸೋರತೈತಿ, ಕಾದ ಕಬ್ಬಣದ ಮ್ಯಾಲ ಬಿದ್ದು ಅಲ್ಲೇ ಹಾರಿಹೋಗತೈತಿ. ನೀವು ಪೇಪರ್ ಹಾಸಿದ್ರ ಅದರಾಗ ಏನ್ ಬೀಳಬೇಕು?"

ಗಂಜಿ ಆ ತೂತನ್ನು ಮುಚ್ಚಿರಲಿಲ್ಲ. ಐದು ನಿಮಿಷಕ್ಕೆ ಇಂಜಿನ್ನು ಸೋರುವಷ್ಟು ಕಾದಿರಲಿಲ್ಲ, ಬೆಳಿಗ್ಗೆ ನೀರು ಇಳಿಯದಿದ್ದುದು ಅದಕ್ಕೇ. ಅದು ಹೋಗಿ ಕೂತದ್ದು ಥರ್ಮೋಸ್ಟಾಟಿನಲ್ಲಿ, ಇಂಜಿನ್ನಿನ ಬಿಸಿನೀರು ರೇಡಿಯೇಟರಿಗೆ ಹೊರಡುವ ಬಾಗಿಲು ಅದು. ಅವರು ತೆಗೆದಿಟ್ಟಿದ್ದ ಆ ಹಿತ್ತಾಳೆಯ ಸಾಮಾನು ಗಾರೆ ಮೆತ್ತಿದಂತಿತ್ತು, ಒಂದು ಬದಿಗೆ ಬಿರುಕು. ಬಾಗಿಲಿನ ಆಚೆ ರೇಡಿಯೇಟರು, ಪೈಪು, ನಾವು ಮುಟ್ಟಿ ನೋಡಿದ್ದೆಲ್ಲ ತಂಪು. ಈಚೆ ಇಂಜಿನ್ನಿನಲ್ಲಿ ಗಂಜಿ ಕುದಿಯುತ್ತಿತ್ತು. ಅಣ್ಣ ಹಿಂಡಿದ್ದಕ್ಕೆ ಬಾಗಿಲಿಗೆ ಮೆತ್ತಿದ್ದ ಗಂಜಿಯ ಬೆಣೆ ಬಿಟ್ಟಿತು. ಹಾಗಾದರೆ ಮುಳ್ಳು ಯಾಕೆ ಇಳಿಯಿತು ಎಂದು ಕೇಳಿದೆ. ಮುಳ್ಳಿಗೆ ಸುದ್ದಿ ಮುಟ್ಟಿಸುವ ಕಡ್ಡಿ ನೀರಲ್ಲಿ ಮುಳುಗಿದ್ದರೆ ಮಾತ್ರ ನಿಜ ಹೇಳುತ್ತದೆ, ನೀರು ಕೆಳಗೆ ಹೋಗಿ ಅದು ಬರಿದಾದರೆ ತಂಪು ಎಂದೇ ತೋರಿಸುತ್ತದೆ ಎಂದರು. ಚೆನ್ನಾಗಿ ಓಡುತ್ತಿದ್ದ ಗಾಡಿಯ ಮುಳ್ಳು ತಾನಾಗಿ ಇಳಿದರೆ ಆ ಕ್ಷಣವೇ ನಿಲ್ಲಿಸಬೇಕಂತೆ. ನಾವು ಅದನ್ನು ನೋಡಿ ಹುಬ್ಬು ಹಾರಿಸಿದ್ದೆವು.

ಹೊಸ ಕೊಳವೆ, ಹೊಸ ಥರ್ಮೋಸ್ಟಾಟು, ಹೊಸ ಮುಚ್ಚಳ. ಬೋರಿನ ನೀರಿನ ಬದಲು ಕೂಲೆಂಟು. ಇಷ್ಟೇ ಕೆಲಸ. ಗಂಜಿಯ ಪದರು ತೊಳೆದು ತೆಗೆಯಲು ಎರಡು ದಿನ ಹಿಡಿಯಿತು, ಸೋರಿಕೆ ಸರಿಮಾಡಲು ಒಂದು ಮುಂಜಾನೆ. ಅಣ್ಣನ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ. ನಾನೇ ಆಡಿಸಿದೆ. ತಮ್ಮ ಅಪ್ಪನ ಕಾಲದಲ್ಲಿ ಸೋರುವ ರೇಡಿಯೇಟರಿಗೆ ಅರಿಶಿನದ ಪುಡಿ ಹಾಕಿ ಊರು ಮುಟ್ಟಿಸುತ್ತಿದ್ದರು, ಅವರ ಹುಂಬತನ ಬಯಲಾಗಲಿಲ್ಲ, ಅಣ್ಣನದು ಆಯಿತು ಎಂದರು. ಆ ತುಕ್ಕು ಹಿಡಿದ ಕೊಳವೆಯ ತುಂಡನ್ನು ನನ್ನ ಕೈಗೆ ಕೊಟ್ಟರು. ಒಂದು ಗೇಣು ಉದ್ದ. ನಾನು ಅದನ್ನು ಬೆಳಕಿಗೆ ಹಿಡಿದು ತೂತು ಹುಡುಕಿದೆ. ಎಷ್ಟು ಹೊತ್ತು ನೋಡಿದರೂ ಕಾಣಲಿಲ್ಲ. ಅವರು ಅದನ್ನು ಮೆಲ್ಲಗೆ ವಾಪಸ್ ತೆಗೆದುಕೊಂಡು ಚಹಾ ತರಿಸಿದರು.

ಮೂರು ತಿಂಗಳಾದ ಮೇಲೆ ಅಣ್ಣನನ್ನು ಡಾಕ್ಟರಿಗೆ ತೋರಿಸಲು ನಾನೇ ಜೊತೆಗೆ ಹೋದೆ. ಹೊರಗಿನ ಬೆಂಚಿನ ಮೇಲೆ ಕೂತಿದ್ದೆವು. ಅವನ ಕೈಯ ಹೊಸ ಚರ್ಮ ಗುಲಾಬಿ ಬಣ್ಣಕ್ಕೆ ಮಿರುಗುತ್ತಿತ್ತು, ಎಣ್ಣೆ ಹಚ್ಚಿದ್ದ. ನನಗೆ ಇನ್ನು ತಡೆಯಲಾಗಲಿಲ್ಲ.

"ಅಣ್ಣಾ, ಗಂಜಿ ಕಾದ್ರ ಗಟ್ಟಿ ಆಗತೈತಂತ ನನಗ ಅವತ್ತ ಗೊತ್ತಿತ್ತು. ಹೇಳ್ಲಿಲ್ಲ ನಾ."

"ಗೊತ್ತೈತಿ," ಎಂದ. ಕೈಯನ್ನೇ ನೋಡುತ್ತಿದ್ದ. "ಗಂಜಿ ಅಂದಕೂಡ್ಲೆ ನಿನ್ನ ಮಾರಿ ನೋಡಿದ್ನಿ. ಬಾಯಿ ತಗದಿ, ಮುಚ್ಚಿದಿ. ಕೇಳಿದ್ರ ಹೇಳ್ತಿದ್ದಿ. ನಾ ಕೇಳ್ಲಿಲ್ಲ."

"ಯಾಕ?"

"ನೀ ಹೇಳೋದು ಖರೆ ಆಗಿದ್ರ?"

ಅಷ್ಟರಲ್ಲಿ ನಮ್ಮನ್ನು ಒಳಗೆ ಕರೆದರು. ಡಾಕ್ಟರು ಮುಷ್ಟಿ ಹಿಡಿಯಲು ಹೇಳಿದರು. ಅರ್ಧ ಹಿಡಿದ, ಅಂಗೈಗೂ ಬೆರಳಿಗೂ ನಡುವೆ ಒಂದು ನಿಂಬೆಹಣ್ಣು ಕೂರುವಷ್ಟು ಜಾಗ ಉಳಿಯಿತು. ಪೆನ್ನು ಹಿಡಿಸಿದರು, ಹಿಡಿದ. ಚಮಚ ಹಿಡಿಯುತ್ತೀರಾ, ಗುಂಡಿ ಹಾಕುತ್ತೀರಾ ಎಂದು ಕೇಳಿದರು. ಹೂಂ ಎಂದ. ಹಾಗಾದರೆ ಒಳ್ಳೆಯದಾಯಿತು ಎಂದು ಚೀಟಿ ಬರೆಯತೊಡಗಿದರು. ಅಣ್ಣ, ಕೊಂಡಿ ಹಾಕಾಕ ಬರತೈತೇನ್ರಿ ಎಂದು ಕೇಳಿದ. ಅವರು ಮೈಸೂರು ಕಡೆಯವರು, ಹಾಗೆಂದರೆ ಏನು ಎಂದು ನನ್ನತ್ತ ನೋಡಿದರು.

ಅಣ್ಣ ಅಂಗಿಯ ಕಿಸೆಯಿಂದ ಒಂದು ಕಾಗದದ ಮಡಿಕೆ ತೆಗೆದ. ಒಳಗೆ ಕೆಂಪು ರೇಷ್ಮೆಯ ಒಂದಿಷ್ಟು ಎಳೆ, ಕಪ್ಪು ನೂಲಿನ ಒಂದಿಷ್ಟು ಎಳೆ. ಮೂರು ತಿಂಗಳಲ್ಲಿ ಮನೆಯಲ್ಲಿ ಒಂದು ಸಲವೂ ಪ್ರಯತ್ನಿಸಿರಲಿಲ್ಲ ಎಂದು ಅತ್ತಿಗೆ ನನಗೆ ಹೇಳಿದ್ದಳು. ಕಪ್ಪು ಎಳೆಗಳ ತುದಿಯನ್ನು ನನ್ನ ಕೈಗೆ ಕೊಟ್ಟು ಬಿಗಿಯಾಗಿ ಹಿಡಿ ಎಂದ. ಕೆಂಪು ಎಳೆಗಳ ಗಂಟನ್ನು ತನ್ನ ಮೊಣಕಾಲ ನಡುವೆ ಒತ್ತಿಕೊಂಡ. ಮೊದಲನೆಯದು ಜಾರಿತು. ಎರಡನೆಯದರಲ್ಲಿ ಎಳೆ ತುಂಡಾಯಿತು. ಕಿಟಕಿಯ ಕಡೆ ನೋಡಬೇಕೆನಿಸಿತು, ನೋಡಿದರೆ ಕೈ ಅಲ್ಲಾಡುತ್ತದೆ ಎಂದು ನೋಡಲಿಲ್ಲ. ಮೂರನೆಯದು ಕೂತಿತು.

ಇನ್ನೊಂದು ಹಾಕಿದ. ಮತ್ತೊಂದು. ಮೊದಲಿನಂತೆ ಮಾತಿರಲಿಲ್ಲ, ಅತ್ತಿತ್ತ ನೋಟವಿರಲಿಲ್ಲ. ಕಣ್ಣು ಬೆರಳ ತುದಿಗೇ ಅಂಟಿತ್ತು, ಮೇಲಿನ ತುಟಿಯ ಮೇಲೆ ಬೆವರು. ಡಾಕ್ಟರು ಪೆನ್ನು ಕೆಳಗಿಟ್ಟು ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಹೊರಗೆ ಯಾರೋ ಮುಂದಿನ ರೋಗಿಯ ಹೆಸರು ಕರೆದರು. ಕೊನೆಗೆ ಹೆಬ್ಬೆರಳು ಸೆಟೆದುಕೊಂಡಿತು. ಎಳೆಗಳನ್ನು ಬಿಟ್ಟು ಕೈ ಕೊಡವಿದ.

"ಏಳು ಕೊಂಡಿ," ಎಂದ ಡಾಕ್ಟರಿಗೆ.

ಅವರು ಚೀಟಿಯ ಮೇಲೆ ಅದನ್ನು ಬರೆದುಕೊಂಡರು.